ಕಾಲುವೆ ಕಾಗದಕ್ಕೆ ಒಂಟೆ ಹೊಲಿಗೆ

ಕಂಪ್ಯೂಟರಿನ ಹೆಚ್ಚುಗಾರಿಕೆ ತೋರಿಸಲು ಹೋಗಿ ನಾನು ನನ್ನ ಕಾಲಿನ ಮೇಲೇ ಕಲ್ಲು ಹಾಕಿಕೊಂಡ ದಿನದಿಂದಲೇ ಶುರು ಮಾಡುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚನ್ನಗಿರಿಯಲ್ಲಿ ಒಂದು ಅಡಿಕೆ ಮಂಡಿಯ ಮಹಡಿ ಮೇಲೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟು. ನಾನು ಅಲ್ಲಿ ಟೀಚರು. ಮಾಲೀಕರು ಹನ್ನೆರಡು ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರನ್ನೂ ಒಂದು ಪ್ರಿಂಟರನ್ನೂ ತಂದಿಟ್ಟಿದ್ದರು. ಆರು ತಿಂಗಳು ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತವಳು ಊರಿಗೆಲ್ಲ ನಾನೊಬ್ಬಳೇ. ಹಾಗಾಗಿ ನನಗೆ ಸ್ವಲ್ಪ ಕೊಬ್ಬೂ ಇತ್ತು, ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು.

ಒಂದು ದಿನ ಕಾಲುವೆ ಇಂಜಿನಿಯರ್ ಬಂದರು. ಹೊನ್ನಾಳಿ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಸೂಳೆಕೆರೆಯ ಒಂದು ಕಿರುಗಾಲುವೆಯ ಮೇಲೆ ಐದು ಊರುಗಳಿದ್ದವು. ಹದಿನೈದು ದಿನಕ್ಕೊಮ್ಮೆ ಯಾವ ಊರಿಗೆ ಎಷ್ಟು ಗಂಟೆ ನೀರು ಎಂಬ ಸರದಿ ಕಾಗದ ಊರೂರಿಗೆ ಹೋಗಬೇಕಿತ್ತು. ಅಲ್ಲಿಯವರೆಗೆ ಅದನ್ನು ಕೈಯಲ್ಲಿ ನಕಲು ಮಾಡುತ್ತಿದ್ದರು. ಹಿಂದಿನ ವರ್ಷ ನಕಲಿನಿಂದ ನಕಲಿಗೆ ಹೋಗುತ್ತಾ ಕೊನೆಯ ಊರಿನ ಹತ್ತು ಗಂಟೆ ಆರು ಗಂಟೆಯಾಯಿತು. ಕಮ್ಮಿಯಾದ ನಾಲ್ಕು ಗಂಟೆ ಅದರ ಮೇಲಿನ ಊರಿನ ಗದ್ದೆಗೆ ಹರಿಯಿತು. ಬರೆದವನು ಕೈತಪ್ಪು ಎಂದ. ಕೊನೆಯ ಊರಿನ ಭತ್ತ ಅರ್ಧಕ್ಕರ್ಧ ಜೊಳ್ಳಾಯಿತು.

ಈ ವರ್ಷ ಐದೂ ಊರಿನ ಹಿರಿಯರು ಸೇರಿ ಹೊಸ ಸರದಿ ಮಾಡಿದ್ದರು: ಮೊದಲ ನೀರು ಕೊನೆಯ ಊರಿಗೆ, ಅಲ್ಲಿಂದ ಒಂದೊಂದೇ ಊರು ಮೇಲಕ್ಕೆ. ಪ್ರತಿ ಊರೂ ತನ್ನ ತೂಬು, ತನ್ನ ಹೊತ್ತು, ತನ್ನ ಕಟ್ಟುಪಾಡುಗಳನ್ನು ತನ್ನದೇ ಮಾತಿನಲ್ಲಿ ಬರೆಸಿತ್ತು. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಕೊಡುವ ಕೆಲಸ ನನ್ನದು. ಐದೂ ಊರಿನವರು ಒಪ್ಪಿ ರುಜು ಹಾಕಿದರೆ ಹೊಸ ಸರದಿ. ಒಬ್ಬರು ಬಿಟ್ಟರೂ ಹಳೆಯ ಪದ್ಧತಿ. ನೀರು ಬಿಡಲು ಹದಿನೈದು ದಿನ ಉಳಿದಿತ್ತು.

ಕೊನೆಯ ಊರಿನ ಯಜಮಾನರು ಮೊದಲ ದಿನವೇ ನೋಡಲು ಬಂದರು. ಎಪ್ಪತ್ತರ ಹತ್ತಿರ ವಯಸ್ಸು, ಹಣೆಯಲ್ಲಿ ವಿಭೂತಿ, ದಾರ ಕಟ್ಟಿದ ಕನ್ನಡಕ. ಪರದೆಯ ಮೇಲೆ ಅವರ ಊರಿನ ಕಾಗದ ತೋರಿಸಿದೆ.

"ಇದನ್ನ ಯಾರಾದ್ರೂ ತಿದ್ದಾಕೆ ಬರ್ತೈತೇನವ್ವ?" ಎಂದು ಕೇಳಿದರು.

"ಎಷ್ಟು ಸಲೀಸು ನೋಡ್ರಿ," ಎಂದು ಜಂಬದಿಂದ ಎರಡು ಕೀ ಒತ್ತಿ ಹತ್ತು ಗಂಟೆಯನ್ನು ಆರು ಮಾಡಿ ತೋರಿಸಿದೆ.

ಯಜಮಾನರು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. "ಹೋದ ವರ್ಷ ಇಷ್ಟು ಮಾಡಾಕೆ ಅವರಿಗೆ ಒಂದಿಡೀ ದಿನ ಹಿಡಿದಿತ್ತು. ನಿಮ್ಮ ಮಿಷನ್ನು ಬಲೇ ಚುರುಕೈತೆ," ಎಂದು ಮೆಟ್ಟಿಲಿಳಿದು ಹೋಗೇಬಿಟ್ಟರು.

ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ನೋಡಿದೆ. ಅಷ್ಟು ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮಾರನೆಯ ದಿನ ನಾನೇ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಹೇಳಿದೆ: ಕಾಗದವನ್ನು ಬಿಡಿಯಾಗಿ ಇಡುವುದಿಲ್ಲ, ಪ್ರೋಗ್ರಾಮಿನ ಒಳಗೇ ಸೇರಿಸಿ ಕಂಪೈಲ್ ಮಾಡುತ್ತೇನೆ, ಅಂದರೆ ಮಿಷನ್ನಿಗೆ ಮಾತ್ರ ತಿಳಿಯುವ ರೂಪಕ್ಕೆ ತಿರುಗಿಸುತ್ತೇನೆ, ಆಮೇಲೆ ಅದನ್ನು ಫ್ಲಾಪಿಗೆ ಹಾಕಿ, ಬಟ್ಟೆ ಚೀಲದಲ್ಲಿಟ್ಟು ಅರಗಿನ ಮೊಹರು ಹಾಕಿಬಿಡೋಣ, ಸರದಿ ಬಂದಾಗ ನಿಮ್ಮೆಲ್ಲರ ಎದುರಿಗೇ ಬಿಚ್ಚೋಣ.

"ಆಮ್ಯಾಲೆ ಯಾರೂ ತಿದ್ದಾಕೆ ಆಗಲ್ವಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಗೊತ್ತಿದ್ದೋರು ತಿದ್ದಬಹುದು ಯಜಮಾನ್ರೇ. ಈ ಸುತ್ತಿನಾಗೆ ಹಂಗೆ ಗೊತ್ತಿರೋಳು ನಾನೊಬ್ಬಳೇ."

ಅವರು ಮೊದಲ ಸಲ ನಕ್ಕರು. "ಆಗ್ಲಿ ಬಿಡವ್ವ. ಒಬ್ರನ್ನ ನಂಬಾಕೆ ಆಗ್ತೈತೆ, ಊರನ್ನೆಲ್ಲ ನಂಬಾಕೆ ಆಗಲ್ಲ." ಆದರೆ ಒಂದು ಷರತ್ತು ಹಾಕಿದರು. ಪ್ರೋಗ್ರಾಮಿನ ಒಳಗೆ ಏನು ಹಾಕುತ್ತೇನೋ ಅದನ್ನು ಹಾಗೇ ಕಾಗದದ ಮೇಲೆ ಅಚ್ಚು ಹಾಕಿ ಅವರ ಕೈಗೆ ಕೊಡಬೇಕು. ಸಭೆಯಲ್ಲಿ ಒಪ್ಪಿದ ಮೂಲಪ್ರತಿಯ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ನೋಡುತ್ತಾರೆ. ಒಂದು ಚುಕ್ಕಿ ಹೆಚ್ಚಿರಬಾರದು, ಒಂದು ಚುಕ್ಕಿ ಕಮ್ಮಿ ಇರಬಾರದು. ಅದೇನು ಮಹಾ ಎಂದುಕೊಂಡು ಒಪ್ಪಿ ಬಂದೆ.

ಆ ಪ್ರಿಂಟರಿನಲ್ಲೂ ಪರದೆಯ ಮೇಲೂ ಕನ್ನಡ ಬರಿಸಿದ್ದು ನಾನೇ. ಅಕ್ಷರಗಳ ಚುಕ್ಕಿ ಚಿತ್ರ ಬಿಡಿಸಿ ಅವುಗಳ ನೆನಪಿಗೆ ತುಂಬಿಸಿದರೆ, ಇಂಗ್ಲಿಷಿನ ಎ ಕಳಿಸಿದಾಗ ಗುಡಿಸು, ಎಫ್ ಕಳಿಸಿದಾಗ ಕೊಂಬು, ಹೀಗೆ ಒಂದೊಂದು ಕೀಗೆ ಒಂದೊಂದು ಕನ್ನಡದ ತುಂಡು ಬೀಳುತ್ತಿತ್ತು. ಕನ್ನಡಕ್ಕೆ ತುಂಡುಗಳು ಜಾಸ್ತಿ, ಕೀಗಳು ಕಮ್ಮಿ. ಕೀಬೋರ್ಡಿನಲ್ಲಿ ಒಂದೂ ಖಾಲಿ ಉಳಿಯಲಿಲ್ಲ. ಕಡೆಗೆ ಳ ಅಕ್ಷರಕ್ಕೆ ಸಿಕ್ಕಿದ್ದು ಮೂಲೆಯಲ್ಲಿದ್ದ ಬ್ಯಾಕ್‌ಸ್ಲ್ಯಾಶ್, ಅಂದರೆ ಹಿಂದಕ್ಕೆ ವಾಲಿದ ಓರೆಗೀಟು.

ಸಿ ಭಾಷೆ ಕಲಿತ ಯಾರಾದರೂ ಇಲ್ಲಿಗೇ ನಗಲು ಶುರು ಮಾಡುತ್ತಾರೆ. ಆ ಭಾಷೆಯಲ್ಲಿ ಪಠ್ಯವನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಅದರೊಳಗೆ ಓರೆಗೀಟು ಬಂತೆಂದರೆ ಅದು ಅಕ್ಷರವಲ್ಲ, ಅಪ್ಪಣೆ. ಗೀಟಿನ ಮುಂದೆ ಎಫ್ ಬಂದರೆ, ಅಂದರೆ ನನ್ನ ಳು ಬಂದರೆ, ಕಾಗದವನ್ನು ಹೊರಗೆ ತಳ್ಳು ಎಂದು ಅರ್ಥ. ಎ ಬಂದರೆ, ಅಂದರೆ ಳಿ ಬಂದರೆ, ಗಂಟೆ ಬಾರಿಸು ಎಂದು ಅರ್ಥ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಪರದೆಯ ಮೇಲೆ ಕನ್ನಡವನ್ನೇ ಕಾಣುತ್ತಾ ಕೂತವಳಿಗೆ ಳ ಎಂದರೆ ಓರೆಗೀಟು ಎನ್ನುವುದು ಮರೆತೇಹೋಗಿತ್ತು.

ಮೊದಲ ಅಚ್ಚು ನೋಡಲು ಇಂಜಿನಿಯರ್ ಬಂದಿದ್ದರು, ಮಾಲೀಕರೂ ನಿಂತಿದ್ದರು. ಪ್ರಿಂಟರು ಚೆನ್ನಾಗಿಯೇ ಹೊರಟಿತು. "ಬೆಳಿಗ್ಗೆ" ಬಂದ ಕಡೆ ಳಿ ಮಾಯವಾಗಿ ಪ್ರಿಂಟರು ಪೀಂ ಎಂದಿತು. "ಕಾಲುವೆಗಳು" ಎನ್ನುವಲ್ಲಿ ಅರ್ಧ ಪದ ಬಿಟ್ಟು ಇಡೀ ಹಾಳೆಯನ್ನು ಹೊರಗೆ ಉಗುಳಿತು. "ದಿನಗಳು", ಇನ್ನೊಂದು ಹಾಳೆ. "ತೂಬುಗಳು", ಮತ್ತೊಂದು. ಬಹುವಚನ ಬಂದಾಗಲೆಲ್ಲ ಒಂದು ಹಾಳೆ ಹೊರಗೆ, ಬೆಳಗಾದಾಗಲೆಲ್ಲ ಒಂದು ಪೀಂ. ಟೈಪಿಂಗ್ ಕ್ಲಾಸಿನ ಹುಡುಗಿಯರು ಬೆರಳು ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

"ಏನ್ರೀ ಟೀಚರ್, ನಿಮ್ಮ ಮಿಷನ್ನಿಗೆ ಅಜೀರ್ಣ ಆಗೈತಾ?" ಎಂದು ಇಂಜಿನಿಯರ್ ಹಾಳೆಗಳನ್ನು ಆಯ್ದುಕೊಟ್ಟರು.

ಮದ್ದು ಪುಸ್ತಕದಲ್ಲೇ ಇತ್ತು. ಓರೆಗೀಟು ಅಕ್ಷರವಾಗಿಯೇ ಬೇಕಾದರೆ ಎರಡು ಸಲ ಬರೆಯಬೇಕು. ಎರಡು ದಿನ ಕೂತು ಐದೂ ಊರಿನ ಕಾಗದದಲ್ಲಿ ಪ್ರತಿಯೊಂದು ಳದ ಪಕ್ಕ ಇನ್ನೊಂದು ಳ ಇಟ್ಟೆ. ನೋಟೀಸು ಮುತ್ತಿನಂತೆ ಅಚ್ಚಾಯಿತು. ಷರತ್ತಿನ ಪ್ರಕಾರ ಪ್ರೋಗ್ರಾಮಿನ ಒಳಗಿನ ಪಠ್ಯವನ್ನೂ ಅಚ್ಚು ಹಾಕಿ ಯಜಮಾನರಿಗೆ ಹೇಳಿಕಳಿಸಿದೆ.

ಅವರು ಎರಡು ಕಾಗದಗಳನ್ನೂ ಬೆಂಚಿನ ಮೇಲೆ ಹರಡಿ, ಬೆರಳಿಟ್ಟು ಓದಿದರು. ಮೂರನೆಯ ಸಾಲಿಗೆ ಬೆರಳು ನಿಂತಿತು.

"ಕಾಲುವೆಗಳಳು. ಇದು ಯಾವ ಸೀಮೆ ಕನ್ನಡನವ್ವ?"

ವಿವರಿಸಿದೆ. ಅದು ಮಿಷನ್ನಿಗೋಸ್ಕರ ಹಾಕಿದ್ದು, ನೋಟೀಸಿನಲ್ಲಿ ಒಂದೇ ಬರುತ್ತದೆ ಎಂದೆ. ಅವರು ತಾಳ್ಮೆಯಿಂದ ಕೇಳಿ ಕನ್ನಡಕ ತೆಗೆದರು.

"ನಾವು ಒಪ್ಪಿದ ಕಾಗದದಾಗೆ ಒಂದು ಳ ಐತೆ, ನಿಮ್ಮ ಕಾಗದದಾಗೆ ಎರಡು ಅದಾವೆ. ಇವತ್ತು ಮಿಷನ್ನಿಗೆ ಅಂತ ಒಂದು ಳ ಸೇರ್ತೈತೆ, ನಾಳೆ ಮಿಷನ್ನಿಗೆ ಅಂತ ಗಂಟೆ ಹೋಗ್ತೈತೆ. ನಾನು ಸೈನ್ ಹಾಕಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹಗಲೆಲ್ಲ ಕರೆಂಟಿಗೆ ಕಾದು, ಕಣ್ಣು ಉರಿಸಿಕೊಂಡು ಮಾಡಿದ ಕೆಲಸ. "ಹಂಗಾದ್ರೆ ನೀವೇ ಬರ್ಕೊಳ್ರಿ," ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬರ್ಕೊಳ್ಳಾಕೆ ಬಂದಿದ್ರೆ ನಿಮ್ಮ ತಾವ ಯಾಕೆ ಬರ್ತಿದ್ದೆ ತಾಯಿ," ಎಂದು ಹೇಳಿ ಹೋದರು. ಆ ಮಾತು ನನ್ನನ್ನು ಮಧ್ಯಾಹ್ನದವರೆಗೂ ಚುಚ್ಚಿತು. ಯಾಕೆಂದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರ ಕಾಗದದಲ್ಲಿ ನಾನು ಕೈಯಾಡಿಸಿದ್ದು ನಿಜ. ಹೋದ ವರ್ಷದವನೂ ಕೈಯಾಡಿಸಿದ್ದ.

ಉಳಿದಿದ್ದು ಆರು ದಿನ. ಆವತ್ತು ಊಟ ಮಾಡುತ್ತಾ ಒಂದು ತೀರ್ಮಾನಕ್ಕೆ ಬಂದೆ. ಭಾಷೆಯ ಚಾಳಿಗೆ ಜನರ ಕಾಗದವನ್ನು ಬಗ್ಗಿಸುವುದಿಲ್ಲ. ಕಾಗದ ಇದ್ದ ಹಾಗೇ ಪ್ರೋಗ್ರಾಮಿನೊಳಗೆ ಕೂರಬೇಕು. ಕಂಪೈಲರಿಗೆ ಕೊಡುವ ಮೊದಲು ಅದನ್ನು ಓದಿ, ಎಲ್ಲಿ ಎರಡು ಗೀಟು ಬೇಕೋ ಅಲ್ಲಿ ಎರಡು ಮಾಡಿ ದಾಟಿಸುವ ಒಂದು ಸಣ್ಣ ಪ್ರೋಗ್ರಾಮನ್ನು ನಾನೇ ಬರೆಯಬೇಕು. ಬಗ್ಗುವ ಕೆಲಸ ಮಿಷನ್ನಿನದು.

ಅಷ್ಟರಲ್ಲೇ ಇನ್ನೊಂದು ತೊಡಕು ಎದುರಾಯಿತು. ಹಸಿ ಪಠ್ಯ, ಅಂದರೆ ಊರಿನವರ ಕಾಗದ ಇದ್ದ ಹಾಗೇ ಕೂತ ಭಾಗ, ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಆ ಸಣ್ಣ ಪ್ರೋಗ್ರಾಮಿಗೆ ತಿಳಿಯುವುದು ಹೇಗೆ? ಏನಾದರೂ ಗುರುತು ಬೇಕು. ಯಾವ ಕೀ ಒತ್ತಿದರೂ ಅದು ಕನ್ನಡದ ಒಂದು ತುಂಡು. ಯಾವುದನ್ನು ಮುಕ್ತಾಯದ ಗುರುತು ಮಾಡಿದರೂ ಅದು ಯಾವುದೋ ಊರಿನ ಕಾಗದದ ನಡುವೆ ಬಂದೇ ಬರುತ್ತದೆ. ಒಂದು ಇಡೀ ದಿನ ಇದರಲ್ಲೇ ಕಳೆಯಿತು.

ತಲೆ ಕೆಟ್ಟು ಚಹಾಕ್ಕೆಂದು ಕೆಳಗೆ ಮಂಡಿಗೆ ಇಳಿದೆ. ಅಲ್ಲಿ ಚೀಲ ಹೊಲಿಯುವ ಚಾಚಾ ಕೂತಿದ್ದರು. ದಬ್ಬಣದಲ್ಲಿ ಕೆಂಪು, ನೀಲಿ ಎರಡೆಳೆ ದಾರ ಪೋಣಿಸಿ ಅಡಿಕೆ ಚೀಲದ ಬಾಯಿ ಹೊಲಿಯುತ್ತಿದ್ದರು. ಹೊಲಿಯುವ ಮುಂಚೆ ಒಳಗೆ ಒಂದು ಪುಟ್ಟ ಸ್ಯಾಂಪಲ್ ಗಂಟು ಇಟ್ಟರು. ಅದಕ್ಕೆ ಹಳದಿ ದಾರ ಕಟ್ಟಿತ್ತು.

"ಚಾಚಾ, ಬಿಚ್ಚೋರಿಗೆ ಯಾವ ದಾರ ಬಿಚ್ಚಬೇಕು ಅಂತ ಹೆಂಗೆ ಗೊತ್ತಾಗ್ತೈತೆ?" ಸುಮ್ಮನೆ ಮಾತಿಗೆ ಕೇಳಿದೆ.

"ಅರೇ ಬೇಟಿ, ಇದ್ರಾಗೆ ಏನೈತೆ ಗೊತ್ತಾಗಾಕೆ. ಒಂದೊಂದು ಮಂಡಿಗೆ ಒಂದೊಂದು ದಾರ. ನಮ್ದು ಕೆಂಪು-ನೀಲಿ. ಕೆಂಪು-ನೀಲಿ ಶುರು ಆಯ್ತು ಅಂದ್ರೆ ಮತ್ತೆ ಕೆಂಪು-ನೀಲಿ ಬರೋವರೆಗೂ ಒಳಗೆ ಹಳದಿ ಬರ್ಲಿ, ಹಸಿರು ಬರ್ಲಿ, ಅದು ಮಾಲು. ಹೊಲಿಗೆ ಅಲ್ಲ."

ಚಹಾದ ಲೋಟ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿ ಓಡಿದೆ. "ಯಾಕೆ ಬೇಟಿ, ಹಾಲು ಒಡೆದೈತಾ?" ಎಂದು ಚಾಚಾ ಹಿಂದಿನಿಂದ ಕೇಳುತ್ತಲೇ ಇದ್ದರು.

ಎಲ್ಲರಿಗೂ ಒಂದೇ ಗುರುತು ಯಾಕೆ ಬೇಕು? ಊರಿಗೊಂದು ದಾರ ಇದ್ದರಾಯಿತು. ಒಂದು ಸಾಲಿನಲ್ಲಿ ಒಂದು ಪದ ಒಂಟಿಯಾಗಿ ನಿಂತರೆ ಅಲ್ಲಿಂದ ಚೀಲ ಶುರು. ಅದೇ ಪದ ಮತ್ತೆ ಒಂದು ಸಾಲಿನಲ್ಲಿ ಒಂಟಿಯಾಗಿ ಬರುವವರೆಗೆ ಒಳಗಿದ್ದದ್ದೆಲ್ಲ ಮಾಲು. ಪದ ಯಾವುದೆಂದು ಆಯಾ ಊರಿನವರೇ ಹೇಳಲಿ. ಬರೆದರೆ ಎಲ್ಲಾ ಸೇರಿ ನಲವತ್ತೇ ಸಾಲು. ಸಾಲಿಗೊಂದು ತುಂಡು ಮಾಡಿ, ಅಕ್ಕಪಕ್ಕ ಉದ್ಧರಣ ಚಿಹ್ನೆ ಇಟ್ಟು, ಗೀಟುಗಳನ್ನು ಎರಡು ಮಾಡಿ ಹೊಸ ಫೈಲಿಗೆ ಬರೆಯುವುದು, ಅದನ್ನು ಕಂಪೈಲರಿಗೆ ಕೊಡುವುದು. ಓರೆಗೀಟನ್ನು ಹುಡುಕುವ ಸಾಲಿನಲ್ಲೇ ಓರೆಗೀಟನ್ನು ಎರಡು ಸಲ ಬರೆಯಬೇಕೆಂಬುದನ್ನು ಮರೆತು ನಾನೇ ಮತ್ತೆ ಹಳ್ಳಕ್ಕೆ ಬಿದ್ದೆ, ಅರ್ಧ ಗಂಟೆ ನನ್ನನ್ನು ನಾನೇ ಬೈದುಕೊಂಡೆ. ಎಷ್ಟೋ ವರ್ಷಗಳ ಮೇಲೆ ಸಿ ಭಾಷೆಯ ತಂಗಿಯಂಥ ಒಂದು ಭಾಷೆಗೆ ಈ ಸೌಕರ್ಯ ಬಂತು, ಅದರಲ್ಲೂ ನಮಗೆ ಬೇಕಾದ ಗುರುತನ್ನು ನಾವೇ ಆರಿಸಿಕೊಳ್ಳಬಹುದು ಎಂದು ಓದಿದಾಗ ಚಾಚಾ ನೆನಪಾಗಿ ಒಬ್ಬಳೇ ನಕ್ಕಿದ್ದೆ.

ಶನಿವಾರ ಐದೂ ಊರಿನ ಹಿರಿಯರು ನಮ್ಮ ಮಹಡಿಗೆ ಬಂದರು. ಭಾನುವಾರ ನೀರು ಬಿಡುವುದು, ಸೋಮವಾರ ಬೆಳಿಗ್ಗೆ ಆರಕ್ಕೆ ಕೊನೆಯ ಊರಿನ ಸರದಿ. ಯಜಮಾನರ ಪಕ್ಕದ ಬೆಂಚಿನಲ್ಲಿ ಅವರ ಮೇಲಿನ ಊರಿನ ಹಿರಿಯರು ಕೂತಿದ್ದರು, ಹಿಂದಿನ ವರ್ಷ ಆ ನಾಲ್ಕು ಗಂಟೆ ನೀರು ಹರಿದ ಊರಿನವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಚೀಲ, ದಾರ ಎಂದು ಹೇಳಿದ ಕೂಡಲೇ ಎಲ್ಲರಿಗೂ ಅರ್ಥವಾಗಿಹೋಯಿತು. ಪುಸ್ತಕದ ಭಾಷೆಯಲ್ಲಿ ಹೇಳಿದ್ದರೆ ಸಂಜೆಯಾಗುತ್ತಿತ್ತು. ಒಂದೊಂದು ಊರಿಗೂ ಒಂದೊಂದು ಪದ ಕೇಳಿದೆ. ಒಬ್ಬರು ಬೆಲ್ಲ ಎಂದರು, ಒಬ್ಬರು ಬಳಪ ಎಂದರು. ಯಜಮಾನರು ಮಾತ್ರ ನೆಟ್ಟಗೆ ಕೂತು, "ದೇವರ ಹೆಸರಿಗಿಂತ ಗಟ್ಟಿ ಹೊಲಿಗೆ ಯಾವುದೈತೆ? ಶ್ರೀ ಬಸವೇಶ್ವರ ಪ್ರಸನ್ನ ಅಂತ ಹಾಕ್ರಿ," ಎಂದರು. ಪದವಲ್ಲ, ಇಡೀ ಸಾಲು. ನನ್ನ ಪ್ರೋಗ್ರಾಮಿಗೆ ಸಾಲಾದರೂ ಒಂದೇ, ಪದವಾದರೂ ಒಂದೇ. ಹಾಕಿದೆ.

ನಾಲ್ಕು ಊರಿನ ಕಾಗದ ಸಲೀಸಾಗಿ ದಾಟಿತು. ಕೊನೆಯ ಊರಿನದಕ್ಕೆ ಬಂದಾಗ ಪರದೆಯ ತುಂಬ ತಪ್ಪುಗಳ ಮೆರವಣಿಗೆ. ಸಾಲಿಗೆ ಎರಡು ತಪ್ಪು, ಒಂದರ ಮೇಲೊಂದು. ಯಜಮಾನರ ಮುಖ ಸಣ್ಣಗಾಯಿತು.

"ದೇವರಿಗೆ ಮನಸ್ಸಿಲ್ಲೇನೋ," ಎಂದು ಮೇಲಿನ ಊರಿನವರು ಮೆಲ್ಲಗೆ ಅಂದರು. ಕುಹಕ ಇರಲಿಲ್ಲ, ನಿಜಕ್ಕೂ ಹೆದರಿದ್ದರು.

ಕಾಗದವನ್ನು ಇನ್ನೊಮ್ಮೆ ನೋಡಿದಾಗ ನಗು ಬಂತು. ನಮ್ಮ ಕಡೆ ಮದುವೆ ಕಾಗದವಾಗಲಿ, ದೂರಿನ ಅರ್ಜಿಯಾಗಲಿ, ಯಾವುದನ್ನು ಬರೆದರೂ ತಲೆಯ ಮೇಲೆ ಮೊದಲ ಸಾಲು ದೇವರದು. ಸರದಿ ಕಾಗದದ ಮೊದಲ ಸಾಲೂ ನಟ್ಟನಡುವೆ ಒಂಟಿಯಾಗಿ ನಿಂತಿತ್ತು: ಶ್ರೀ ಬಸವೇಶ್ವರ ಪ್ರಸನ್ನ. ಚೀಲ ತೆರೆದ ಮರುಸಾಲಿಗೇ ಮುಚ್ಚಿಕೊಂಡಿತ್ತು. ಮಿಕ್ಕ ಕಾಗದವೆಲ್ಲ ಚೀಲದ ಹೊರಗೆ ಚೆಲ್ಲಿ, ಅದನ್ನು ಪ್ರೋಗ್ರಾಂ ಎಂದುಕೊಂಡು ಓದಲು ಹೋದ ಕಂಪೈಲರು ಬಾಯಿ ಬಡಿದುಕೊಂಡಿತ್ತು.

"ದೇವರ ತಪ್ಪಲ್ಲ ಯಜಮಾನ್ರೇ. ಮಾಲು ತುಂಬೋ ಮುಂಚೇನೇ ಚೀಲದ ಬಾಯಿ ಹೊಲಿದುಬಿಟ್ಟಿದೀವಿ. ನಿಮ್ಮ ಕಾಗದದಾಗೆ ಎಲ್ಲೂ ಬರದೇ ಇರೋದು ಯಾವುದಾದ್ರೂ ಹೇಳ್ರಿ," ಎಂದೆ.

ಅವರು ಕಣ್ಣು ಮುಚ್ಚಿ ಯೋಚಿಸಿದರು. ಭತ್ತ ಎಂದು ಬಾಯಿ ತೆರೆದು, ತಲೆಯಾಡಿಸಿ ಬಿಟ್ಟರು. ಬದು, ಎತ್ತು, ಮೀನು, ಒಂದೊಂದನ್ನೂ ತಾವೇ ಹೇಳಿ ತಾವೇ ತಳ್ಳಿಹಾಕಿದರು.

"ಮೊಸಳೆ ಹಾಕ್ರಿ," ಎಂದು ಯಾರೋ ಹಿಂದಿನಿಂದ ಕೂಗಿದರು.

"ಕೆರೆ ಅಂದ್ಮ್ಯಾಲೆ ಮೊಸಳೆ ಬರಲ್ಲ ಅಂತ ಹೆಂಗೆ ಹೇಳಾಕಾಗ್ತೈತೆ," ಎಂದರು ಯಜಮಾನರು. ಆಮೇಲೆ ಕಣ್ಣು ಬಿಟ್ಟು, ತೀರ್ಪು ಕೊಡುವ ದನಿಯಲ್ಲಿ ಹೇಳಿದರು: "ಒಂಟೆ. ನಮ್ಮ ಊರಿನ ನೀರಿನ ಕಾಗದದಾಗೆ ಒಂಟೆ ಯಾವ ಕಾಲಕ್ಕೂ ಬರಂಗಿಲ್ಲ."

ಮಹಡಿಯೆಲ್ಲ ನಗೆಯಲ್ಲಿ ಮುಳುಗಿತು. ಇಂಜಿನಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಜಮಾನರೂ ನಕ್ಕರು, ಮೇಲಿನ ಊರಿನವರು ಅವರ ತೊಡೆ ತಟ್ಟಿ ನಕ್ಕರು. ಬೆಲ್ಲ ಎಂದವರು ತಮಗೂ ಪ್ರಾಣಿಯೇ ಬೇಕು, ಸಿಂಹ ಮಾಡಿ ಎಂದು ಹಟ ಹಿಡಿದರು. ಮಾಡಿಕೊಟ್ಟೆ.

ಒಂಟೆಯಿಂದ ಒಂಟೆಯವರೆಗೆ ಇಡೀ ಕಾಗದ ಒಂದೇ ಏಟಿಗೆ ದಾಟಿತು. ಒಳಗಿನ ಪಠ್ಯವನ್ನು ಅಚ್ಚು ಹಾಕಿ ಕೊಟ್ಟೆ. ಯಜಮಾನರು ಎರಡು ಕಾಗದ ಹರಡಿ ಬೆರಳಿಟ್ಟು ಓದಿದರು. ಅಷ್ಟೂ ಜನ ಕಾದರು. ಬೆಳಿಗ್ಗೆ, ಒಂದು ಳ. ಕಾಲುವೆಗಳು, ಒಂದು ಳ. ಕೊನೆಯ ಸಾಲು ಮುಗಿಸಿ ಮತ್ತೆ ಮೊದಲ ಸಾಲಿಗೆ ಹೋಗಿ ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನು ಕೇಳಿ ರುಜು ಹಾಕಿದರು. ಅವರ ಹಿಂದೆಯೇ ಉಳಿದ ನಾಲ್ಕು ಊರಿನವರೂ ಹಾಕಿದರು. ಚಾಚಾ ಮೇಲೆ ಬಂದು ಫ್ಲಾಪಿಯ ಬಟ್ಟೆ ಚೀಲಕ್ಕೆ ಕೆಂಪು-ನೀಲಿ ಹೊಲಿಗೆ ಹಾಕಿಕೊಟ್ಟರು.

ಸೋಮವಾರ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಇಂಜಿನಿಯರರ ಜೀಪಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಕೊನೆಯ ಊರು ಸೇರಿದೆ. ಐದೂ ಊರಿನ ತೂಬುಗಳ ಚಾವಿ ಗೊಂಚಲು ಸರದಿ ಇದ್ದ ಊರಿನ ಕೈಯಲ್ಲಿರಬೇಕೆಂಬುದು ಹೊಸ ಕಟ್ಟುಪಾಡು. ಅದು ಯಜಮಾನರ ಸೊಂಟದಲ್ಲಿತ್ತು. ಅವರು ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಅಚ್ಚಾದ ಕಾಗದ ಹಿಡಿದು ಕಾಲುವೆ ಏರಿಯ ಮೇಲೆ ನಿಂತಿದ್ದರು. ಆರು ಆಯಿತು. ನೀರಿಲ್ಲ. ಆರೂ ಹತ್ತು. ಆರೂ ಇಪ್ಪತ್ತಕ್ಕೆ ಒಣ ಎಲೆ, ಕಸಕಡ್ಡಿ ತಳ್ಳಿಕೊಂಡು ನೊರೆ ಕಾಣಿಸಿತು, ಹಿಂದೆಯೇ ನೀರು. ಹೆಂಗಸರು ಅರಿಶಿನ ಕುಂಕುಮ ಹಾಕಿ ಹೂವು ತೇಲಿಬಿಟ್ಟರು. ನನ್ನ ಕೈಗೂ ಒಂದು ಹಿಡಿ ಹೂವು ಕೊಟ್ಟರು. ನಾನು ಅಳುತ್ತಾ ನಗುತ್ತಾ ಎಸೆದೆ.

ದಿನವಿಡೀ ನೀರು ಹರಿಯಿತು. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಯಜಮಾನರು ಏರಿಯ ಮೇಲೆ ಮೇಲಿನ ಊರಿನ ಕಡೆ ನಡೆಯತೊಡಗಿದರು. ನಾನು ಬೆನ್ನು ಹತ್ತಿದೆ. ನೀರು ಬಂದಿದ್ದು ಇಪ್ಪತ್ತು ನಿಮಿಷ ತಡವಾಗಿ, ಇನ್ನೂ ಹೊತ್ತಿದೆ ಎಂದು ವಾದ ಮಾಡಿದೆ. ಅವರು ಕೇಳಿಸಿಕೊಂಡೂ ನಡೆಯುತ್ತಲೇ ಇದ್ದರು.

ಮೇಲಿನ ಊರಿನ ಹಿರಿಯರು ತಮ್ಮ ತೂಬಿನ ಹತ್ತಿರ ಕಾಯುತ್ತಿದ್ದರು. ಚಾವಿ ಗೊಂಚಲು ನೋಡಿ ಕೈ ಚಾಚಲಿಲ್ಲ.

"ನಿಮ್ಮ ಇಪ್ಪತ್ತು ನಿಮಿಷ ಇನ್ನೂ ಐತಲ್ಲ ಗೌಡ್ರೇ. ಇಟ್ಕೊಳ್ರಿ, ಆಮ್ಯಾಲೆ ತಂದ್ರೆ ಆಯ್ತು. ನಾನೇನೂ ಅನ್ನಲ್ಲ," ಎಂದರು.

ಯಜಮಾನರು ಕಾಗದ ಬಿಡಿಸಿ, ಬೆರಳಿಟ್ಟು ತೋರಿಸಿದರು. "ನಾಕು ಗಂಟೆ ಅಂತ ಐತೆ ನೋಡ್ರಿ. ನಾಕೂ ಇಪ್ಪತ್ತು ಅಂತ ಇಲ್ಲ."

ಗೊಂಚಲನ್ನು ಅವರ ಅಂಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿದರು. ಗಡಿಯಾರದಲ್ಲಿ ಸರಿಯಾಗಿ ನಾಲ್ಕಾಗಿತ್ತು.